ನಾಟಕರತ್ನ ಗುಬ್ಬಿ ವೀರಣ್ಣನವರು ಮತ್ತು ಕೆಲವು ಹಳೆಯ ಹಸ್ತಪತ್ರಿಕೆಗಳು

ಮುಲುಂಡಿನಂತಹ ಉಪನಗರದಲ್ಲಿ ಸಂಸಾರ ಹೂಡಿದವರಿಗೆಲ್ಲ ಜಾಗದ ಬೆಲೆ ಚೆನ್ನಾಗಿ ಗೊತ್ತು. ಎರಡು ಕೋಣೆಗಳ ಮನೆಯೊಳಕ್ಕೆ ಒಂದು ಹೊಸ ಸಾಮಾನು ಬರಬೇಕಾದರೆ ಹಳೆಯದೊಂದು ಹೊರಗೆ ಹೋಗಲೇಬೇಕು. ಹೀಗೆ ಹೊರಗೆ ಹೋಗುವುದರಲ್ಲಿ ಮೊದಲ ಸರದಿ ಯಾವಾಗಲೂ ಹಳೆಯ ಕಾಗದದ್ದೇ. ಅದು ಮಾತನಾಡುವುದಿಲ್ಲ, ತಕರಾರು ಮಾಡುವುದಿಲ್ಲ. ರದ್ದಿಯವನ ತಕ್ಕಡಿಯಲ್ಲಿ ಹಾಕಿದರೆ ನಾಲ್ಕು ಕಾಸೂ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನಾವೂ ಇದೇ ಕೆಲಸ ಮಾಡಿದೆವು. ತುಮಕೂರಿನ ಕಡೆಯಿಂದ ಬಂದ ನಮ್ಮ ಅಜ್ಜನವರ ತಗಡಿನ ಪೆಟ್ಟಿಗೆಯೊಂದು ಮನೆಯ ಅಟ್ಟದ ಮೇಲೆ ಬಹುಕಾಲದಿಂದ ಬಿದ್ದಿತ್ತು. ಅದನ್ನು ತೆರೆದು ನೋಡಿದಾಗ ಹೊಲದ ಕಾಗದಗಳೂ ಕೆಲವು ಕಾಗದಪತ್ರಗಳೂ ಇದ್ದುವು. ಅವುಗಳ ಕೆಳಗೆ ದಾರದಿಂದ ಕಟ್ಟಿದ, ಗುಲಾಬಿ, ಹಳದಿ, ಹಸುರು ಬಣ್ಣಗಳ ತೆಳು ಕಾಗದಗಳ ಕಂತೆಯೊಂದಿತ್ತು. ಬಿ.ಕಾಂ. ಓದಿ ಬ್ಯಾಂಕಿನ ಗುಮಾಸ್ತಿಕೆಗೆ ಸೇರಿದ ನಮಗೆ ಹೊಲದ ಕಾಗದದ ಬೆಲೆ ತಿಳಿಯಿತು, ಅದನ್ನು ಎತ್ತಿಟ್ಟೆವು. ಬಣ್ಣದ ಕಂತೆಯ ಬೆಲೆ ತಿಳಿಯಲಿಲ್ಲ. ಅದು ಹಳೆಯ ವೃತ್ತಪತ್ರಿಕೆಗಳೊಡನೆ ತಕ್ಕಡಿಗೆ ಹೋಯಿತು. ಮರುದಿನ ಪೆಟ್ಟಿಗೆಯನ್ನು ತೊಳೆಯಲೆಂದು ನೋಡಿದರೆ, ತಳಕ್ಕೆ ಹಾಸಿದ್ದ ಒಂದು ಹಾಳೆ ಹಾಗೆಯೇ ಅಂಟಿಕೊಂಡಿತ್ತು. ಮೆಲ್ಲನೆ ಬಿಡಿಸಿ ಓದಿದೆವು. ಅದು ಗುಬ್ಬಿ ಕಂಪನಿಯವರ ‘ಸದಾರಮೆ’ ನಾಟಕದ ಹಸ್ತಪತ್ರಿಕೆ. ಮೇಲಿನ ಅರ್ಧ ಮಾತ್ರ ಉಳಿದಿತ್ತು. ರದ್ದಿಯ ಅಂಗಡಿಗೆ ಓಡಿಹೋದೆವು. ಕಂತೆ ಆಗಲೇ ಲಾರಿ ಹತ್ತಿ ಹೋಗಿತ್ತು.

ಅಂದಿನಿಂದ ನಮಗೆ ಹಳೆಯ ನಾಟಕದ ಹಸ್ತಪತ್ರಿಕೆಗಳನ್ನು ಕೂಡಿಸುವ ಗೀಳು ಹಿಡಿಯಿತು. ಅದು ಹವ್ಯಾಸವೆನ್ನುವುದಕ್ಕಿಂತ ಪ್ರಾಯಶ್ಚಿತ್ತವೆಂದರೇ ಸರಿ. ಈ ಕಾಗದಗಳ ಮೂಲಕ ನಮಗೆ ತಿಳಿದುಬಂದ ನಾಟಕರತ್ನ ಗುಬ್ಬಿ ವೀರಣ್ಣನವರ ಜೀವನವನ್ನು ಈ ರಾಜ್ಯೋತ್ಸವದ ಸಂದರ್ಭದಲ್ಲಿ ವಾಚಕರ ಮುಂದಿಡುವುದು ನಮ್ಮ ಉದ್ದೇಶ. ಆ ಮಹನೀಯರು ತೀರಿಕೊಂಡು ಅರ್ಧ ಶತಮಾನ ದಾಟಿದೆ. ಅವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆದರೆ ಅವರ ನಾಟಕ ಜೀವನದ ಮೊದಲ ಇಪ್ಪತ್ತು ವರ್ಷಗಳ ಒಂದು ಚೂರು ಕಾಗದವನ್ನಾದರೂ ಕಂಡವರು ಎಷ್ಟು ಮಂದಿ? ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ವೀರಣ್ಣನವರು ಹುಟ್ಟಿದ್ದು 1891ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅವರು ಹುಟ್ಟುವ ಮೊದಲೇ ಆ ಊರಿನಲ್ಲಿ ನಾಟಕದ ಕಂಪನಿಯೊಂದು ಹುಟ್ಟಿತ್ತು. 1884ರಲ್ಲಿ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮೊದಲಾದ ಊರಿನ ಕಲಾಪ್ರೇಮಿಗಳು ಕೂಡಿ, ಊರ ದೇವರಾದ ಶ್ರೀ ಚನ್ನಬಸವೇಶ್ವರಸ್ವಾಮಿಯ ಹೆಸರಿನಲ್ಲಿ ಅದನ್ನು ಕಟ್ಟಿದರು. ದೇವರ ಹೆಸರಿನ ಕೆಳಗೆ ಹಿಂದೂ ಮುಸಲ್ಮಾನರಿಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ತಾಲೀಮು ನಡೆಸಿದ ಕಂಪನಿ ಅದು. ಕಂಪನಿಗಳ ಹಸ್ತಪತ್ರಿಕೆಗಳ ನೆತ್ತಿಯ ಮೇಲೆ ‘ಕೃಪಾಪೋಷಿತ’ ಎಂಬ ಮಾತು ಇರುವುದನ್ನು ನೋಡಿ ಇಂದಿನವರು ನಗಬಹುದು. ಆದರೆ ಮಳೆ ಬಂದರೆ ಬರಿಗೈ, ಕಾಲರಾ ಬಂದರೆ ಊರೇ ಖಾಲಿ ಎಂಬಂತಿದ್ದ ಆ ಕಾಲದಲ್ಲಿ ನಾಟಕದವರಿಗೆ ದೇವರ ಕೃಪೆಯಲ್ಲದೆ ಬೇರೆ ಠೇವಣಿ ಯಾವುದಿತ್ತು?

ಆ ಕಾಲದ ರಂಗಭೂಮಿಯ ಸ್ಥಿತಿಯನ್ನು ಮುಂಬಯಿಯ ಕನ್ನಡಿಗರಾದ ನಾವು ಸ್ವಲ್ಪ ನೆನೆಯುವುದು ಒಳಿತು. ಮರಾಠಿ ನಾಟಕದ ವೈಭವವನ್ನು ನಾವು ದಿನವೂ ನೋಡುತ್ತೇವೆ. ನಮ್ಮ ಮುಲುಂಡಿನ ಕಾಳಿದಾಸ ನಾಟ್ಯಮಂದಿರದಲ್ಲಿ ಮರಾಠಿ ಪ್ರಯೋಗವೆಂದರೆ ಜನ ತುಂಬಿ ಬರುವುದನ್ನು ಕಂಡು ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಪಡುತ್ತೇವೆ. ಆದರೆ ಈ ಎರಡು ರಂಗಭೂಮಿಗಳ ನಡುವೆ ಕೊಡುಕೊಳುಗೆ ಹಳೆಯದು. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳವೊಂದು ಸಾಂಗಲಿಯಲ್ಲಿ ಆಡಿದ ಆಟಗಳನ್ನು ನೋಡಿದ ಮೇಲೆಯೇ 1843ರಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಮರಾಠಿ ನಾಟಕದ ಆರಂಭವನ್ನು ಅಲ್ಲಿಂದಲೇ ಎಣಿಸುವುದು ವಾಡಿಕೆ. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಸಂಗೀತದೊಡನೆ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಆಮೇಲೆ ಮರಾಠಿ ಮತ್ತು ಪಾರ್ಸಿ ಕಂಪನಿಗಳು ನಮ್ಮ ನಾಡಿನಲ್ಲಿ ಸಂಚರಿಸಿ ಪರದೆ, ಸಂಗೀತ, ಸೀನುಗಳ ಬೆಡಗನ್ನು ತೋರಿಸಿದುವು. ಕೊಟ್ಟ ಸಾಲ ಬಡ್ಡಿಯೊಡನೆ ಹಿಂತಿರುಗಿತೆಂದು ನಮ್ಮಂತಹ ಬ್ಯಾಂಕಿನವರು ಹೇಳಬಹುದು. ಮೈಸೂರಿನಲ್ಲಿ ಅರಮನೆಯ ಆಶ್ರಯದ ಮಂಡಳಿ, ಅನಂತರ ಎ. ವಿ. ವರದಾಚಾರ್ಯರ ಕಂಪನಿ, ಗದಗಿನಲ್ಲಿ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ - ಹೀಗೆ ಕನ್ನಡ ರಂಗಭೂಮಿ ಎದ್ದು ನಿಂತಿತು. ಗುಬ್ಬಿಯ ಕಂಪನಿ ಇವುಗಳ ಸಾಲಿನಲ್ಲಿ ಅರಮನೆಯ ಹಣವಿಲ್ಲದೆ ಹಳ್ಳಿಯಿಂದ ಎದ್ದು ಬಂದುದು.

ಆರು ವರ್ಷದ ಹುಡುಗನಾಗಿದ್ದಾಗ ವೀರಣ್ಣನವರು ಈ ಕಂಪನಿಯನ್ನು ಸೇರಿದರು. ಆ ವಯಸ್ಸಿನ ನಮ್ಮ ಮಕ್ಕಳು ಇಂದು ಒಂದನೆಯ ತರಗತಿಯಲ್ಲಿ ಅಕ್ಷರ ತಿದ್ದುತ್ತಿರುತ್ತಾರೆ. ವೀರಣ್ಣನವರ ಶಾಲೆ ರಂಗವೇ ಆಯಿತು. ಕಂಪನಿಯ ಹುಡುಗರ ಬಾಳು ಹೇಗಿತ್ತೆಂಬುದನ್ನು ಹಳಬರು ಬರೆದಿಟ್ಟಿದ್ದಾರೆ. ಬೆಳಗಿನ ಜಾವಕ್ಕೆ ಎದ್ದು ಸಂಗೀತದ ಸಾಧನೆ, ಹಗಲೆಲ್ಲ ಮಾತಿನ ತಾಲೀಮು, ದೊಡ್ಡವರ ಚಾಕರಿ. ರಾತ್ರಿ ಒಂಬತ್ತು ಗಂಟೆಯ ಮೇಲೆ ಆರಂಭವಾದ ನಾಟಕ ಮುಗಿಯುವ ಹೊತ್ತಿಗೆ ಕೋಳಿ ಕೂಗುತ್ತಿತ್ತು. ಪುಟ್ಟ ಪಾತ್ರ ಮುಗಿಸಿದ ಹುಡುಗ ಪರದೆಗಳ ಮರೆಯಲ್ಲಿ ಸುರುಳಿ ಸುತ್ತಿ ನಿದ್ದೆ ಹೋಗುತ್ತಿದ್ದ; ಮುಂದಿನ ಪ್ರವೇಶ ಬಂದಾಗ ಯಾರೋ ತಟ್ಟಿ ಎಬ್ಬಿಸುತ್ತಿದ್ದರು. ಈ ಶಾಲೆಯಲ್ಲಿ ವೀರಣ್ಣನವರು ಮೊದಲು ಬಾಲಪಾತ್ರಗಳನ್ನು ಮಾಡಿದರು; ಬೆಳೆದಂತೆ ಸ್ತ್ರೀಪಾತ್ರಗಳನ್ನು ಮಾಡಿದರು; ಗಂಟಲೊಡೆದು ಮೀಸೆ ಬಂದ ಮೇಲೆ ಪುರುಷಪಾತ್ರಗಳಿಗೆ, ಕಡೆಗೆ ಹಾಸ್ಯಕ್ಕೆ ತಿರುಗಿದರು. ಮೇಳದ ಎಲ್ಲ ಮೆಟ್ಟಿಲುಗಳನ್ನೂ ಕೆಳಗಿನಿಂದ ಒಂದೊಂದಾಗಿ ಹತ್ತಿದವರು ಅವರು.

ಇಲ್ಲಿಯೇ ನಮ್ಮ ಸಂಗ್ರಹದ ದುಃಖ ಆರಂಭವಾಗುವುದು. ಆ ಮೆಟ್ಟಿಲುಗಳ ಗುರುತು ಕಾಗದದ ಮೇಲೆ ಇಲ್ಲ. ಫೋರ್ಟಿನ ಕಾಲುದಾರಿಯ ಪುಸ್ತಕದ ರಾಶಿಗಳಲ್ಲಿ, ಮಾಟುಂಗದ ಕಿಂಗ್ಸ್ ಸರ್ಕಲಿನಲ್ಲಿ, ಶುಕ್ರವಾರದ ಚೋರ್ ಬಜಾರಿನಲ್ಲಿ, ಊರಿಗೆ ಹೋದಾಗ ತುಮಕೂರು, ತಿಪಟೂರುಗಳ ಹಳೆಯ ಮನೆಗಳಲ್ಲಿ ನಾವು ಹುಡುಕಿದ್ದೇವೆ. ಕೈಗೆ ಬಂದ ಹಸ್ತಪತ್ರಿಕೆಗಳು, ಹಾಡಿನ ಪುಸ್ತಕಗಳು ಎಲ್ಲವೂ ಸೇರಿ ಐವತ್ತಕ್ಕೆ ಮೀರಲಿಲ್ಲ. ಅವುಗಳಲ್ಲಿ ಗುಬ್ಬಿ ಕಂಪನಿಯವು ಕೆಲವೇ ಕೆಲವು, ಅವೂ ವೀರಣ್ಣನವರು ಒಡೆಯರಾದ ಮೇಲಿನವು. ಅವುಗಳಲ್ಲಿ ಅವರ ಹೆಸರು ಬೆರಳಗಲದ ಅಕ್ಷರಗಳಲ್ಲಿದೆ. ಆದರೆ ನಮಗೆ ಬೇಕಾದುದು ಹೆಸರೇ ಇಲ್ಲದ ಆ ಹುಡುಗನ ಕಾಲದ ಕಾಗದ.

ಅದು ಸಿಕ್ಕಿದರೂ ಏನು ಕಂಡೀತು? ಆಗಿನ ಹಸ್ತಪತ್ರಿಕೆಯ ಸ್ವರೂಪವನ್ನು ಬಲ್ಲವರಿಗೆ ಈ ಸಂಶಯ ಸಹಜ. ನೆತ್ತಿಯಲ್ಲಿ ಶ್ರೀಕಾರ; ಅದರ ಕೆಳಗೆ ದೇವರ ಮತ್ತು ಕಂಪನಿಯ ಹೆಸರು; ಆಮೇಲೆ ಕ್ಯಾಂಪಿನ ಊರು, ವಾರ, ತಾರೀಖು, ರಾತ್ರಿ ಇಂತಿಷ್ಟು ಗಂಟೆಗೆ ಸರಿಯಾಗಿ ಎಂಬ ಒಕ್ಕಣೆ. ನಡುವೆ ಮರದ ಅಚ್ಚಿನ ದಪ್ಪಕ್ಷರಗಳಲ್ಲಿ ನಾಟಕದ ಹೆಸರು. ಕೆಳಗೆ ಸೀನುಗಳ ವರ್ಣನೆ, ಕುರ್ಚಿ, ಬೆಂಚು, ಚಾಪೆಗಳ ದರ, ಹೆಂಗಸರಿಗೆ ಪ್ರತ್ಯೇಕ ಸ್ಥಳದ ಏರ್ಪಾಡು, ಕಡೆಯಲ್ಲಿ ಮ್ಯಾನೇಜರರ ಹೆಸರು. ನಟರಲ್ಲಿ ಹೆಸರು ಅಚ್ಚಾಗುವುದು ಪ್ರಸಿದ್ಧರಾದ ಒಬ್ಬಿಬ್ಬರದು. ಬಾಲಪಾತ್ರ ಮಾಡುವ ಹುಡುಗನ ಹೆಸರನ್ನು ಮೊಳೆ ಜೋಡಿಸುವ ಶ್ರಮಕ್ಕೂ ತಕ್ಕದ್ದೆಂದು ಯಾರೂ ಎಣಿಸಲಿಲ್ಲ. ಅವನ ಗುರುತು ಉಳಿದರೆ ನಾಟಕದ ಹೆಸರಿನಲ್ಲಿ ಮಾತ್ರ. ಇಂಥ ಊರಿನಲ್ಲಿ, ಇಂಥ ವಾರ, ಇಂಥ ನಾಟಕ ನಡೆಯಿತು. ಆಗ ಕಂಪನಿಯಲ್ಲಿ ಈ ಹುಡುಗನಿದ್ದ - ಇಷ್ಟನ್ನು ಒಂದು ಕಾಗದ ಹೇಳಿದರೆ ಸಾಕಲ್ಲವೆ? ಜೀವನಚರಿತ್ರೆಯೆಂಬುದು ಇಂತಹ ಸಣ್ಣ ರಸೀದಿಗಳ ಮೇಲೆಯೇ ನಿಂತಿರುವುದು.

ಹಸ್ತಪತ್ರಿಕೆಗಳನ್ನು ಕೂಡಿಸುವವನಿಗೆ ಇನ್ನೊಂದು ತೊಡಕುಂಟು. ಅವುಗಳಲ್ಲಿ ತಾರೀಖು ಇರುತ್ತದೆ, ವಾರ ಇರುತ್ತದೆ, ಬಹುಮಟ್ಟಿಗೆ ಇಸವಿ ಇರುವುದಿಲ್ಲ. ನಾಳೆಯ ನಾಟಕಕ್ಕೆ ಇಂದು ಹಂಚುವ ಕಾಗದಕ್ಕೆ ಇಸವಿಯೇಕೆ? ಇಲ್ಲಿ ನಮ್ಮ ಗುಮಾಸ್ತಿಕೆಯ ಅಭ್ಯಾಸ ಕೈಗೆ ಬಂದಿತು. ದೃಷ್ಟಾಂತಕ್ಕೆ, ಒಂದು ಕಾಗದದಲ್ಲಿ ಏಪ್ರಿಲ್ 14, ಶನಿವಾರ ಎಂದಿದೆ ಎನ್ನೋಣ. ಪಂಚಾಂಗ ಹಿಡಿದು ಲೆಕ್ಕ ಹಾಕಿದರೆ ಆ ತಾರೀಖು ಶನಿವಾರ ಬರುವುದು 1917, 1923, 1928, 1934, 1945, 1951, 1956ರಲ್ಲಿ. ಇನ್ನು ಇವುಗಳಲ್ಲಿ ಯಾವುದೆಂದು ಕಾಗದವೇ ಹೇಳಬೇಕು. ದರ ಆಣೆಗಳಲ್ಲಿದ್ದರೆ ಅದು 1957ರ ಏಪ್ರಿಲ್ ಒಂದಕ್ಕಿಂತ ಹಿಂದಿನದು. ಅಂದಿನಿಂದ ನಯಾಪೈಸೆ ಬಂದಿತು. ಬೆಂಗಳೂರಿನಲ್ಲಿ ವಿದ್ಯುದ್ದೀಪದ ಬೆಳಕಿನಲ್ಲಿ ನಾಟಕವೆಂದು ಬಡಾಯಿ ಕೊಚ್ಚಿದ್ದರೆ 1905ರ ಅನಂತರದ್ದು. ಹುಬ್ಬಳ್ಳಿ, ಧಾರವಾಡಗಳ ಕ್ಯಾಂಪಿನ ಕಾಗದದಲ್ಲಿ ಟಿಕೆಟ್ಟಿನ ದರದ ಮೇಲೆ ಮನೋರಂಜನೆಯ ತೆರಿಗೆಯ ಮಾತಿದ್ದರೆ, ಮುಂಬಯಿ ಪ್ರಾಂತ್ಯದಲ್ಲಿ ಆ ತೆರಿಗೆಯ ಕಾನೂನಾದ 1923ರ ಈಚಿನದು. ಹಾಡಿನ ಪುಸ್ತಕದ ಮೇಲೆ ಪಿನ್ ಕೋಡ್ ಕಂಡರೆ 1972ರ ಆಗಸ್ಟ್ 15ರ ಮೇಲಿನದು; ಅದನ್ನು ವೀರಣ್ಣನವರ ಆಯುಷ್ಯದ ಲೆಕ್ಕಕ್ಕೆ ಸೇರಿಸಲು ಎರಡೇ ತಿಂಗಳ ಅವಕಾಶ. ಹೀಗೆ ಒಂದೊಂದು ಚೂರನ್ನೂ ಅದರ ಖಾತೆಗೆ ಜಮೆ ಮಾಡುವುದರಲ್ಲಿ ಭಾನುವಾರಗಳು ಕಳೆದುದೇ ನಮಗೆ ತಿಳಿಯಲಿಲ್ಲ.

ಮರಳಿ ವೀರಣ್ಣನವರ ಕಥೆಗೆ ಬರೋಣ. 1917ರಲ್ಲಿ, ಇಪ್ಪತ್ತಾರರ ವಯಸ್ಸಿನಲ್ಲಿ, ಅವರು ಕಂಪನಿಯ ಒಡೆತನವನ್ನು ವಹಿಸಿಕೊಂಡರು. ಚಾಕರಿಗೆ ಬಂದ ಹುಡುಗನೇ ಯಜಮಾನನಾದ. ಯಜಮಾನನಾದವನು ಪೌರಾಣಿಕ ನಾಟಕದ ನಾಯಕನಾಗಿ ಕಿರೀಟವಿಟ್ಟುಕೊಂಡು ನಿಲ್ಲುವುದು ಆ ಕಾಲದ ರೂಢಿ. ವೀರಣ್ಣನವರು ಆರಿಸಿಕೊಂಡದ್ದು ಬೇರೆ. ಬೆಳ್ಳಾವೆ ನರಹರಿಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಅವರು ರಾಜನಲ್ಲ, ರಾಜಕುಮಾರನಲ್ಲ, ಒಬ್ಬ ಕಳ್ಳ. ಆ ಕಳ್ಳನನ್ನು ನೋಡಲೆಂದೇ ಗಾಡಿ ಕಟ್ಟಿಕೊಂಡು ಹತ್ತಾರು ಮೈಲಿಯಿಂದ ಜನ ಬರುತ್ತಿದ್ದರು. ನಮ್ಮ ಅಜ್ಜನವರೂ ಅಂತಹವರಲ್ಲೊಬ್ಬರು. ಆ ಪಾತ್ರದ ಮಾತು, ನಡಿಗೆ, ಕಣ್ಣಿನ ಚಾಂಚಲ್ಯಗಳನ್ನು ಅವರು ಮುದಿತನದಲ್ಲಿಯೂ ನಟಿಸಿ ತೋರಿಸುತ್ತಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ನಾಟಕದ ಅಂಚಿನಲ್ಲಿರುವ ಪಾತ್ರವನ್ನು ಅದರ ಪ್ರಾಣವನ್ನಾಗಿ ಮಾಡುವುದು ಸಾಮಾನ್ಯ ಕಲೆಯಲ್ಲ. ಸಣ್ಣ ಪಾತ್ರಗಳಲ್ಲಿಯೇ ಬಾಲ್ಯವನ್ನೆಲ್ಲ ಕಳೆದವರಿಗೆ ಸಣ್ಣ ಪಾತ್ರದ ಶಕ್ತಿ ತಿಳಿದಿತ್ತೆಂದು ನಮಗೆ ತೋರುತ್ತದೆ.

ಅದೇ ನರಹರಿಶಾಸ್ತ್ರಿಗಳ ‘ಶ್ರೀಕೃಷ್ಣಲೀಲೆ’ಯೂ ಕಂಪನಿಯ ಹೆಸರನ್ನು ಊರೂರಿಗೆ ಒಯ್ದಿತು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಮನ್ನಣೆ ದೊರೆಯಿತು. ‘ನಾಟಕರತ್ನ’ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡಿತು. ಕಡೆಗೆ ಬಿರುದಿಲ್ಲದೆ ಹೆಸರು ಹೇಳಿದರೆ ಅಪೂರ್ಣವೆನಿಸುವಂತಾಯಿತು. ಒಂದೇ ಕಾಲದಲ್ಲಿ ಕಂಪನಿಯ ಒಂದಕ್ಕಿಂತ ಹೆಚ್ಚು ಶಾಖೆಗಳು ಬೇರೆ ಬೇರೆ ಊರುಗಳಲ್ಲಿ ಆಡುತ್ತಿದ್ದುವು; ಮಕ್ಕಳದೇ ಒಂದು ತಂಡವೂ ಇತ್ತು. ತಾವು ಹುಡುಗನಾಗಿ ಪಟ್ಟ ಪಾಡನ್ನು ಅವರು ಮರೆತಿರಲಾರರು.

ಈ ಕಾಲದ ಹಸ್ತಪತ್ರಿಕೆಗಳಲ್ಲಿ ಒಂದು ಹೊಸ ಸಂಗತಿ ಕಾಣತೊಡಗುತ್ತದೆ. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸುವರು ಎಂಬ ಒಕ್ಕಣೆ ಅದು. ಇದನ್ನು ಇಂದು ಓದುವಾಗ ಏನೂ ಅನ್ನಿಸದು. ಆದರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ನಾಟಕ ನೋಡಲು ಬರುವುದೇ ದೊಡ್ಡದಾಗಿದ್ದ ಕಾಲದಲ್ಲಿ ರಂಗದ ಮೇಲೆ ಹೆಂಗಸರನ್ನು ನಿಲ್ಲಿಸುವುದು ಸಾಹಸವೇ ಸರಿ. ಗುಬ್ಬಿ ಕಂಪನಿಯಲ್ಲಿ ಸುಂದರಮ್ಮನವರು, ಬಿ. ಜಯಮ್ಮನವರು ಮೊದಲಾದ ನಟಿಯರು ಹೆಸರಾದರು. ಅವರಿಬ್ಬರೂ ವೀರಣ್ಣನವರ ಬಾಳಸಂಗಾತಿಗಳೂ ಆದರು. ಮಹಾರಾಷ್ಟ್ರದ ಬಾಲಗಂಧರ್ವರು ವೀರಣ್ಣನವರಿಗಿಂತ ಮೂರೇ ವರ್ಷ ಹಿರಿಯರು. ಸೀರೆಯುಟ್ಟು ರಂಗಕ್ಕೆ ಬಂದ ಆ ಮಹಾನಟರು ಆ ಪಾತ್ರಗಳಲ್ಲಿಯೇ ಬಾಳಿನ ಬಹುಭಾಗವನ್ನು ಕಳೆದು ಅಮರರಾದರು. ವೀರಣ್ಣನವರೂ ಎಳೆಯ ವಯಸ್ಸಿನಲ್ಲಿ ಸೀರೆಯುಟ್ಟವರೇ. ಆದರೆ ಯಜಮಾನರಾದ ಮೇಲೆ ಆ ಸೀರೆಯನ್ನು ಹೆಣ್ಣಿನ ಕೈಗೇ ಒಪ್ಪಿಸಿದರು. ಯಾರು ಹೆಚ್ಚೆಂಬ ಚರ್ಚೆ ನಮಗೆ ಬೇಡ. ಎರಡು ನೆರೆಯ ರಂಗಭೂಮಿಗಳು ಎರಡು ದಾರಿಗಳನ್ನು ಹಿಡಿದುವೆಂಬುದಷ್ಟೇ ನಮ್ಮ ಗಮನ.

1934ನೆಯ ಇಸವಿ ಕನ್ನಡಿಗರು ನೆನಪಿಡಬೇಕಾದುದು. ಆ ವರ್ಷವೇ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ತೆರೆ ಕಂಡಿತು. ಅದರ ಚಿತ್ರೀಕರಣ ನಡೆದುದು ಕೊಲ್ಲಾಪುರದಲ್ಲಿ. ಅದರಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ನಾಗೇಂದ್ರರಾವ್ ಇಬ್ಬರೂ ರಂಗಭೂಮಿಯಿಂದ ಹೋದವರು. ಇನ್ನು ನಾಟಕದ ಕಾಲ ಮುಗಿಯಿತೆಂದು ಹಲವರು ತಲೆಯಾಡಿಸಿದರು. ಅದೇ ವರ್ಷ ವೀರಣ್ಣನವರು ಬಿ. ಪುಟ್ಟಸ್ವಾಮಯ್ಯನವರ ‘ಕುರುಕ್ಷೇತ್ರ’ವನ್ನು ರಂಗಕ್ಕೆ ತಂದರು. ಬಟ್ಟೆಯ ಮೇಲೆ ಬರೆದ ಆನೆ ಕುದುರೆಗಳಲ್ಲ, ಜೀವವಿರುವ ಆನೆ ಕುದುರೆಗಳೇ ರಂಗದ ಮೇಲೆ ನಡೆದು ಬಂದುವು. ತೆರೆಯ ಮೇಲೆ ಕಪ್ಪುಬಿಳುಪು ನೆರಳು ಮಾತನಾಡುತ್ತಿದ್ದ ಹೊತ್ತಿನಲ್ಲಿ ಕಣ್ಣೆದುರಿಗೆ ಮೈಯುಳ್ಳ ಆನೆಯನ್ನು ತಂದು ನಿಲ್ಲಿಸಿದುದು ವೀರಣ್ಣನವರ ಉತ್ತರ. ಇದನ್ನು ಬರಿಯ ಆಡಂಬರವೆಂದು ಹಳಿದವರೂ ಇದ್ದರು. ಆನೆ ನಿಂತರೆ ಅಭಿನಯ ಕಾಣಿಸದೆಂಬ ಅವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಆದರೆ ನೂರಾರು ಜನರ ಅನ್ನದ ಹೊಣೆ ಹೊತ್ತ ಯಜಮಾನನು ಮುಂದಿನ ಸಾಲಿನ ಪಂಡಿತರನ್ನು ಮಾತ್ರವಲ್ಲದೆ ಹಿಂದಿನ ಚಾಪೆಯ ರೈತನನ್ನೂ ಮೆಚ್ಚಿಸಬೇಕಾಗಿತ್ತು.

ಸಿನಿಮಾವನ್ನು ಅವರು ದೂರವಿಟ್ಟವರೆಂದು ತಿಳಿಯಬಾರದು. ಮಾತು ಬರುವ ಮೊದಲೇ, 1931ರ ಸುಮಾರಿಗೆ, ರಾಫೆಲ್ ಆಲ್ಗೋಯೆಟ್ ಎಂಬ ಬೆಲ್ಜಿಯಂ ದೇಶದವರ ಸಹಾಯದಿಂದ ‘ಹಿಸ್ ಲವ್ ಅಫೇರ್’ ಎಂಬ ಮೂಕಚಿತ್ರವನ್ನು ಅವರು ತೆಗೆಸಿದರು. ‘ಹರಿಮಾಯಾ’ ಎಂಬ ಇನ್ನೊಂದೂ ಬಂದಿತು. ಆ ಉದ್ಯಮ ಬಹುಕಾಲ ನಿಲ್ಲಲಿಲ್ಲ. ಆದರೆ ಅವರು ಕೈಬಿಡಲಿಲ್ಲ. 1942ರಲ್ಲಿ ‘ಜೀವನ ನಾಟಕ’, 1946ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’, ಕಡೆಗೆ 1954ರಲ್ಲಿ ಮದರಾಸಿನ ಎ.ವಿ.ಎಂ. ಸಂಸ್ಥೆಯೊಡನೆ ಸೇರಿ ‘ಬೇಡರ ಕಣ್ಣಪ್ಪ’ - ಈ ಚಿತ್ರಗಳಲ್ಲಿ ಅವರ ಕೈಯಿದೆ. ‘ಬೇಡರ ಕಣ್ಣಪ್ಪ’ನಾಗಿ ಬಂದ ಹೊಸ ನಾಯಕನಟನ ಹೆಸರು ರಾಜಕುಮಾರ್. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಮಗನೂ ಮುತ್ತುರಾಜನೆಂಬ ಹೆಸರಿನ ಹುಡುಗನಾಗಿ ಆ ಕಂಪನಿಯಲ್ಲಿಯೇ ಬಣ್ಣ ಹಚ್ಚಿದವರು. ಆ ಹುಡುಗನ ಹೆಸರಿದ್ದ ಹಸ್ತಪತ್ರಿಕೆಗಾಗಿ ಇಂದು ಎಷ್ಟೋ ಅಭಿಮಾನಿಗಳು ಹಂಬಲಿಸುತ್ತಾರೆ. ಮುತ್ತುರಾಜನಿಗೂ ಅವನ ಯಜಮಾನನ ಬಾಲ್ಯದ ಗತಿಯೇ ಬಂದಿತು. ಪಾತ್ರವಿತ್ತು, ಕಾಗದದಲ್ಲಿ ಹೆಸರಿರಲಿಲ್ಲ.

ಇನ್ನೊಬ್ಬ ಹುಡುಗನ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಮುಂಬಯಿಯಲ್ಲಿ ದಕ್ಷಿಣ ಕನ್ನಡದವರು ಬಹಳ ಮಂದಿ. ಅವರಿಗೆ ಇದು ಹೆಮ್ಮೆಯ ಸಂಗತಿ. ಬಂಟವಾಳದ ಕಡೆಯ ಮಂಚಿಯಿಂದ ಮನೆ ಬಿಟ್ಟು ಓಡಿ ಬಂದ ಹುಡುಗನೊಬ್ಬನು ಗುಬ್ಬಿ ಕಂಪನಿಯನ್ನು ಸೇರಿದ. ಅವನಿಗೆ ಓದಿನ ಹಸಿವಿರುವುದನ್ನು ಕಂಡು ವೀರಣ್ಣನವರು ಅವನನ್ನು ಬನಾರಸಿಗೆ ಓದಲು ಕಳುಹಿಸಿದರು. ಆ ಹುಡುಗನೇ ಬಿ. ವಿ. ಕಾರಂತರಾಗಿ, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, ದೇಶದ ರಂಗಭೂಮಿಗೆ ಹೊಸ ಉಸಿರನ್ನು ಕೊಟ್ಟರು. ‘ಹಂಸಗೀತೆ’ಯ ಜಿ. ವಿ. ಅಯ್ಯರ್ ಅವರೂ ಬಾಲ್ಯದಲ್ಲಿಯೇ ಈ ಕಂಪನಿಗೆ ಬಂದವರು. ತಮಗೆ ಸಿಕ್ಕದ ಶಾಲೆಯನ್ನು ತಮ್ಮ ಹುಡುಗನಿಗೆ ಕೊಡಿಸಿದ ಯಜಮಾನನನ್ನು ಬರಿಯ ವ್ಯಾಪಾರಿಯೆಂದು ಹೇಗೆ ಕರೆಯುವುದು? ಕಂಪನಿಯ ಲೆಕ್ಕಪುಸ್ತಕದಲ್ಲಿ ಇದು ಖರ್ಚಿನ ಬದಿಯಲ್ಲಿ ಬರೆದಿದ್ದೀತು. ನಾಡಿನ ಲೆಕ್ಕಪುಸ್ತಕದಲ್ಲಿ ಜಮೆಯ ಬದಿಯಲ್ಲಿದೆ.

ಸ್ವಾತಂತ್ರ್ಯ ಬಂದ ಮೇಲೆ ಮಾನಸನ್ಮಾನಗಳು ಬಂದುವು. ಐವತ್ತರ ದಶಕದಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ‘ಕಲೆಯೇ ಕಾಯಕ’ ಎಂಬ ಹೆಸರಿನಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಕಾಗದ ಉಳಿಯದ ಕಾಲಕ್ಕೆ ಇನ್ನು ಇಂತಹ ನೆನಪುಗಳೇ ಆಧಾರ. 1972ರಲ್ಲಿ ಭಾರತ ಸರಕಾರ ಪದ್ಮಶ್ರೀಯನ್ನಿತ್ತಿತು. ಅದೇ ವರ್ಷದ ಅಕ್ಟೋಬರ್ 18ರಂದು ವೀರಣ್ಣನವರು ತೀರಿಕೊಂಡರು. ಎಂಬತ್ತೊಂದು ವರ್ಷಗಳ ಬಾಳಿನಲ್ಲಿ ಸುಮಾರು ಎಪ್ಪತ್ತೈದು ವರ್ಷಗಳು ರಂಗದವು. ಮರು ವರ್ಷ, 1973ರ ನವೆಂಬರ್ ಒಂದರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಮೈಸೂರು, ಮುಂಬಯಿ, ಹೈದರಾಬಾದು, ಮದರಾಸುಗಳೆಂದು ಹಂಚಿಹೋಗಿದ್ದ ಕನ್ನಡ ನಾಡು ನಕ್ಷೆಯಲ್ಲಿ ಒಂದಾಗುವುದಕ್ಕೆ ಬಹಳ ಹಿಂದೆಯೇ, ಗಡಿಗಳನ್ನು ದಾಟಿ ಊರೂರಿನಲ್ಲಿ ಡೇರೆ ಹಾಕಿ, ಒಂದೇ ಕನ್ನಡ ಮಾತನ್ನು ಎಲ್ಲರಿಗೂ ಕೇಳಿಸಿದವು ಇಂತಹ ಕಂಪನಿಗಳು. ರಾಜ್ಯೋತ್ಸವದ ದಿನ ಏಕೀಕರಣಕ್ಕೆ ದುಡಿದ ಮುಖಂಡರನ್ನು ನೆನೆಯುವಾಗ ಈ ಬಣ್ಣದ ಮಂದಿಯನ್ನೂ ನೆನೆಯುವುದು ನ್ಯಾಯ. ಅವರ ಹೆಸರಿನ ರಂಗಮಂದಿರಗಳಿವೆ, ಕರ್ನಾಟಕ ಸರಕಾರ ಅವರ ಹೆಸರಿನ ಪ್ರಶಸ್ತಿಯನ್ನು ಕೊಡುತ್ತದೆ, ಮೊಮ್ಮಗಳು ಬಿ. ಜಯಶ್ರೀಯವರು ಆ ಮನೆತನದ ಹಾಡನ್ನು ಇಂದಿನವರಿಗೂ ಕೇಳಿಸಿದ್ದಾರೆ.

ಇಷ್ಟೆಲ್ಲ ಇದ್ದೂ ಆ ಮೊದಲ ಇಪ್ಪತ್ತು ವರ್ಷಗಳ ಪುಟ ಬಹುಮಟ್ಟಿಗೆ ಬರಿದೇ ಇದೆ. ಮಹಾಪುರುಷರ ಕೀರ್ತಿಯ ಕಾಲವನ್ನು ಎಲ್ಲರೂ ಕಾಪಾಡುತ್ತಾರೆ. ಅವರು ಯಾರೂ ಅಲ್ಲದಿದ್ದ ಕಾಲವನ್ನು ಕಾಪಾಡುವವರಿಲ್ಲ. ಅಂದಿನ ಹಸ್ತಪತ್ರಿಕೆ ಮರುದಿನ ಬೆಲ್ಲ ಕಟ್ಟಲು ಹೋಯಿತು, ಅದರ ಬೆನ್ನ ಮೇಲೆ ಮಕ್ಕಳು ಲೆಕ್ಕ ಮಾಡಿದರು, ಉಳಿದುದು ಒಲೆಗೆ ಹೋಯಿತು. ಒಂದು ಕಂತೆ, ನೂರು ವರ್ಷ ಉಳಿದು, ಮುಲುಂಡಿನವರೆಗೂ ಬಂದು, ನಮ್ಮ ಕೈಯಿಂದಲೇ ತಕ್ಕಡಿಗೆ ಹೋಯಿತು. ಅದರಲ್ಲಿ ಏನಿತ್ತೆಂಬುದು ಇನ್ನು ಯಾರಿಗೂ ತಿಳಿಯದು. ಈ ಮಾತನ್ನು ಬರೆಯುವಾಗಲೂ ನಮಗೆ ನಾಚಿಕೆಯಾಗುತ್ತದೆ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ದೀಪಾವಳಿಗೆಂದು ಮನೆ ತೊಳೆಯುವಾಗ ಅಜ್ಜ ಅಜ್ಜಿಯರ ಪೆಟ್ಟಿಗೆಯ ತಳವನ್ನು, ಕಪಾಟಿಗೆ ಹಾಸಿದ ಕಾಗದವನ್ನು, ಹಳೆಯ ಪುಸ್ತಕದ ರಟ್ಟಿನ ಹೊದಿಕೆಯನ್ನು ಒಮ್ಮೆ ನೋಡಿರಿ. ಬಣ್ಣದ ತೆಳು ಕಾಗದ ಕಂಡರೆ ಅದಕ್ಕೆ ಅಂಟುಪಟ್ಟಿ ಹಚ್ಚಬೇಡಿರಿ, ಮಡಿಸಬೇಡಿರಿ, ಪ್ಲಾಸ್ಟಿಕ್ಕಿನಲ್ಲಿ ಬೇಯಿಸಿ ಮುಚ್ಚಿಸಬೇಡಿರಿ. ಎರಡು ಬಿಳಿಯ ಹಾಳೆಗಳ ನಡುವೆ ಸಮವಾಗಿ ಇಟ್ಟು, ಒಂದು ಛಾಯಾಚಿತ್ರ ತೆಗೆದಿಟ್ಟುಕೊಳ್ಳಿರಿ. ಯಾರ ಮನೆಯಲ್ಲಿ ಸಿಕ್ಕಿತು, ಯಾವ ಊರಿನಿಂದ ಬಂದಿತು ಎಂಬುದನ್ನು ಪಕ್ಕದಲ್ಲಿ ಬರೆದಿಡಿರಿ. ಕಾಗದ ನಿಮ್ಮ ಮನೆಯಲ್ಲಿಯೇ ಇರಲಿ, ನಮಗೆ ಬೇಡ. ಸಂಘದ ಕಚೇರಿಗೆ ಒಂದು ಪ್ರತಿ ತಲುಪಿದರೆ ಸಾಕು. ಅದರ ಇಸವಿಯನ್ನು ಲೆಕ್ಕ ಹಾಕಿ ತಿಳಿಸುವ ಕೆಲಸ ನಮ್ಮದು.

ನಮ್ಮ ಅರ್ಧ ಹಾಳೆಯ ‘ಸದಾರಮೆ’ ಈಗ ಚೌಕಟ್ಟಿನೊಳಗೆ ಗೋಡೆಯ ಮೇಲಿದೆ. ಊರು, ವಾರ, ದರಗಳಿದ್ದ ಕೆಳಗಿನ ಅರ್ಧ ಹರಿದುಹೋಗಿರುವುದರಿಂದ ಅದರ ಇಸವಿ ಮಾತ್ರ ನಮ್ಮ ಲೆಕ್ಕಕ್ಕೆ ಇನ್ನೂ ಸಿಕ್ಕಿಲ್ಲ. ಇನ್ನರ್ಧ ಯಾರ ಪೆಟ್ಟಿಗೆಯ ತಳದಲ್ಲಿದೆಯೋ, ನೋಡಿರಿ.